ಇವತ್ತಿನ ಪದ: ‘ಹೊಸ್ತಿಲು’

ನಮ್ಮ ಮನೆಗೆ ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಬರುವುದು ವಾಟ್ಸ್ಆಪ್ ಬಳಗದ ಸಂದೇಶ. ‘ಇವತ್ತಿನ ಪದ: ಹೊಸ್ತಿಲು. ಕಥೆ ನೂರು ಪದ ಮೀರಬಾರದು. ರಾತ್ರಿ ಒಂಬತ್ತರೊಳಗೆ ಹಾಕಬೇಕು.’ ಅಷ್ಟೇ. ಆಮೇಲೆ ದೋಸೆ ಹುಯ್ಯುವಾಗ, ಬಸ್ಸಿನಲ್ಲಿ ನೇತಾಡುವಾಗ, ಮೀಟಿಂಗಿನಲ್ಲಿ ಸುಮ್ಮನೆ ತಲೆಯಾಡಿಸುವಾಗ ಕಾಲಿಗೆ ಆ ಹೊಸ್ತಿಲೇ ತಾಗುತ್ತಿರುತ್ತದೆ.

ಅವತ್ತು ರಾತ್ರಿ ಒಂಬತ್ತಕ್ಕೆ ಎಣಿಸಿದೆ. ನಲವತ್ಮೂರು ಕಥೆ ಬಂದಿದ್ದವು. ಇಪ್ಪತ್ತಾರರಲ್ಲಿ ಮದುಮಗಳು ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದಿದ್ದಳು. ಹತ್ತರಲ್ಲಿ ಮಗ ತಂದೆಯನ್ನು ಹೊಸ್ತಿಲು ದಾಟಿಸಿ ವೃದ್ಧಾಶ್ರಮಕ್ಕೆ ಬಿಟ್ಟಿದ್ದ. ನನ್ನದೂ ಸೇರಿನ ಕಥೆಯೇ. ನನ್ನ ಕಥೆಯಲ್ಲಿ ಸೇರು ಉರುಳಿ ಅತ್ತೆಯ ಕಾಲಬೆರಳ ಮೇಲೆ ಬಿದ್ದಿತ್ತು ಎನ್ನುವುದೊಂದೇ ವಿಶೇಷ. ಮೂವತ್ತೊಂದು ಜನ ಕೈಮುಗಿದ ಚಿತ್ರ ಹಾಕಿದರು. ಏಕೆ ಮುಗಿದರೋ ಗೊತ್ತಿಲ್ಲ. ಅತ್ತೆಯ ಬೆರಳಿಗೆ ಸಾಂತ್ವನ ಇರಬೇಕು.

ಇಂಥ ಬಳಗಗಳಲ್ಲಿ ಆರು ವರ್ಷದಿಂದ ಇದ್ದೇನೆ. ಒಂದರಿಂದ ಸಿಟ್ಟಾಗಿ ಹೊರಬಂದಿದ್ದೇನೆ, ಒಂದರಿಂದ ನನ್ನನ್ನು ಹೊರಗೆ ಹಾಕಿದ್ದಾರೆ, ಎರಡರಲ್ಲಿ ಈಗಲೂ ಬರೆಯುತ್ತಿದ್ದೇನೆ. ಬರೆಯುವ ಆಸೆ ಇದ್ದು ‘ಟೈಮೇ ಸಿಗಲ್ಲ’ ಎನ್ನುವವರಿಗೆಲ್ಲ ಇದನ್ನೇ ಶಿಫಾರಸು ಮಾಡುತ್ತೇನೆ. ಅದರ ಜೊತೆಗೇ ಎಚ್ಚರವನ್ನೂ ಹೇಳುತ್ತೇನೆ. ಬರವಣಿಗೆಯ ಸವಾಲು ಗರಡಿ ಇದ್ದಂತೆ. ಮೈ ಹುರಿಗಟ್ಟಲಿ ಎಂದು ಹೋದವರಿಗೆ ದಕ್ಕುತ್ತದೆ. ಕುಸ್ತಿ ಗೆದ್ದು ಮೆರವಣಿಗೆ ಮಾಡಿಸಿಕೊಳ್ಳಲು ಹೋದವರಿಗೆ ಮಣ್ಣು ಮಾತ್ರ ಅಂಟುತ್ತದೆ.

ಹಂಪನ ಕಾಲದ ಚಾಳಿ

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಹುಚ್ಚು ಎಂದುಕೊಳ್ಳಬೇಡಿ. ಕನ್ನಡದಲ್ಲಿ ‘ಕಂತಿ–ಹಂಪನ ಸಮಸ್ಯೆಗಳು’ ಎಂಬ ಪದ್ಯಗಳೇ ಇವೆ. ಹಂಪ, ಅಂದರೆ ಅಭಿನವ ಪಂಪನೆಂದು ಹೆಸರಾದ ನಾಗಚಂದ್ರ, ಪದ್ಯದ ಒಂದು ತುಂಡು ಎಸೆಯುವುದು, ಕವಯಿತ್ರಿ ಕಂತಿ ಉಳಿದದ್ದನ್ನು ಪೂರೈಸುವುದು. ಕಂತಿ ನಿಜಕ್ಕೂ ಇದ್ದಳೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಅನುಮಾನವಿದೆ. ಐತಿಹ್ಯವಂತೂ ಸೊಗಸಾಗಿದೆ. ಎಷ್ಟು ಸವಾಲು ಗೆದ್ದರೂ ಕಂತಿ ಅವನನ್ನು ಹೊಗಳಲಿಲ್ಲವಂತೆ. ಅವಳ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸಲೇಬೇಕೆಂದು ಹಂಪ ಸತ್ತಂತೆ ನಟಿಸಿದನಂತೆ. ಕಂತಿ ಓಡಿಬಂದು ಅತ್ತು ಅವನ ಕಾವ್ಯವನ್ನು ಕೊಂಡಾಡಿದ ಮೇಲೆ ಎದ್ದು ಕೂತನಂತೆ. ಒಂದು ಲೈಕಿಗಾಗಿ ಹೆಣದಂತೆ ಮಲಗಿದ ಮೊದಲ ಕನ್ನಡ ಕವಿ! ರಾತ್ರಿ ಹನ್ನೆರಡಕ್ಕೆ ಎದ್ದು ‘ನೀಲಿ ಟಿಕ್ ಬಂತಾ’ ಎಂದು ನೋಡುವ ನಮಗೆ ಅವನನ್ನು ನೋಡಿ ನಗುವ ಹಕ್ಕಿಲ್ಲ.

ಹೀಗೆ ಕೊಟ್ಟ ಸಾಲಿಗೆ ಪದ್ಯ ಕಟ್ಟುವ ಸಮಸ್ಯಾಪೂರಣದ ಗುಟ್ಟು ಇರುವುದು ಆ ಸಾಲಿನ ಅಡ್ಡಾದಿಡ್ಡಿತನದಲ್ಲಿ. ಮೇಲ್ನೋಟಕ್ಕೆ ಅಸಂಬದ್ಧವೋ ಅಸಭ್ಯವೋ ಆದ ಸಾಲು ಕೊಡುತ್ತಾರೆ. ಹಿಂದಿನ ಸಾಲುಗಳಿಂದ ಅದಕ್ಕೆ ಅರ್ಥ ತಂದು ಮಾನ ಉಳಿಸಬೇಕು. ಭೋಜರಾಜನ ಆಸ್ಥಾನದ ಕಥೆಗಳಲ್ಲಿ ಬಿಂದಿಗೆ ಮೆಟ್ಟಿಲ ಮೇಲಿಂದ ಉರುಳಿದ ಸದ್ದನ್ನೇ ಸಮಸ್ಯೆಯಾಗಿ ಕೊಟ್ಟದ್ದುಂಟು. ಪ್ರಶ್ನೆ ಹಾಕುವ ಪೃಚ್ಛಕರನ್ನು ಕವಿ ಒಟ್ಟಿಗೇ ಎದುರಿಸುವ ಅಷ್ಟಾವಧಾನದಲ್ಲಿ ಇದು ಎಂಟು ಕಾಟಗಳಲ್ಲಿ ಒಂದು. ಒಬ್ಬ ಪೃಚ್ಛಕ ಸಮಸ್ಯೆ ಕೊಟ್ಟರೆ ಇನ್ನೊಬ್ಬ ದತ್ತಪದಿಯಲ್ಲಿ ಸಂಬಂಧವೇ ಇಲ್ಲದ ನಾಲ್ಕು ಪದ ಕೊಟ್ಟು ಪದ್ಯ ಕೇಳುತ್ತಾನೆ. ನಿಷೇಧಾಕ್ಷರಿಯವನು ಕವಿ ಒಂದೊಂದು ಅಕ್ಷರ ಹೇಳುತ್ತಿದ್ದಂತೆ ‘ಮುಂದೆ ಇಂಥ ಅಕ್ಷರ ಕೂಡದು’ ಎಂದು ದಾರಿ ಮುಚ್ಚುತ್ತಾನೆ. ಅಪ್ರಸ್ತುತ ಪ್ರಸಂಗಿಯ ಕೆಲಸವಂತೂ ನಡುನಡುವೆ ಬಾಯಿ ಹಾಕಿ ಏಕಾಗ್ರತೆ ಕೆಡಿಸುವುದು. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡಿದವರಿಗೆ ಇದೆಲ್ಲ ಗೊತ್ತು. 2012ರಲ್ಲಿ ಬೆಂಗಳೂರಿನಲ್ಲಿ ಅವರು ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು. ನಮ್ಮ ಬಳಗದಲ್ಲೂ ಏಳೆಂಟು ಜನ ಅಪ್ರಸ್ತುತ ಪ್ರಸಂಗಿಗಳಿದ್ದಾರೆ. ಎರಡು ಕವನಗಳ ನಡುವೆ ಅರಿಶಿನ–ಮೆಣಸಿನ ಕಷಾಯದ ಉಪಯೋಗ ಕಳಿಸುತ್ತಾರೆ. ಅವಧಾನದಲ್ಲಿ ಆ ಪಾತ್ರಕ್ಕೆ ಒಬ್ಬರೇ ಇರುತ್ತಾರೆ ಎಂಬುದನ್ನು ಅವರಿಗೆ ಯಾರಾದರೂ ತಿಳಿಸಬೇಕು.

ಕಟ್ಟುಪಾಡು ಹೆಚ್ಚಿದಷ್ಟೂ ಕೈ ಸಲೀಸಾಗಿ ಓಡುವುದು ಈ ಆಟದ ಸೋಜಿಗ. ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತನೆಂಬವನು ತನ್ನ ಕಥೆಯನ್ನು ತುಟಿ ಕೂಡಿಸದೆ ಹೇಳುತ್ತಾನೆ. ಪ, ಬ, ಮ ಮೊದಲಾದ ಓಷ್ಠ್ಯಾಕ್ಷರ ಒಂದೂ ಇಲ್ಲ. ಕಾರಣ, ಪ್ರೇಯಸಿ ಕಚ್ಚಿ ಅವನ ತುಟಿ ನೋಯುತ್ತಿರುತ್ತದೆ! ಫ್ರಾನ್ಸಿನ ಜಾರ್ಜ್ ಪೆರೆಕ್ 1969ರಲ್ಲಿ ‘ಇ’ (e) ಅಕ್ಷರವೇ ಇಲ್ಲದ ಇಡೀ ಕಾದಂಬರಿ ಪ್ರಕಟಿಸಿದ. ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರ ಅದು.

ದಂಡಿಯ ಆಟವನ್ನು ನಾವೂ ಒಂದು ವಾರ ಆಡಿದೆವು. ಹಾಸ್ಟೆಲಿನಿಂದ ಮಗ ಮನೆಗೆ ಬರೆಯುವ ಪತ್ರ, ತುಟಿ ಕೂಡುವ ಅಕ್ಷರ ಬರಬಾರದು. ಕೂತ ಮೇಲೆ ತಾನೇ ಗೊತ್ತಾಗುವುದು! ಅಮ್ಮ ಇಲ್ಲ, ಅಪ್ಪ ಇಲ್ಲ, ಮನೆ ಇಲ್ಲ, ಹಬ್ಬ ಇಲ್ಲ, ‘ಬರುತ್ತೇನೆ’ ಎನ್ನುವ ಹಾಗೂ ಇಲ್ಲ. ‘ತಾಯಿ’ ಎಂದರೆ ನಾಟಕದ ಮಾತಾಗುತ್ತದೆ. ನಿವೃತ್ತ ಶಿಕ್ಷಕಿಯೊಬ್ಬರು ಸಂಬೋಧನೆಯನ್ನೇ ಬಿಟ್ಟು, ಹಾಸ್ಟೆಲಿನ ನಲ್ಲಿ, ಕಿಟಕಿ, ಅನ್ನ–ಸಾರು ಇವನ್ನಷ್ಟೇ ಹೇಳಿ ಪತ್ರ ಮುಗಿಸಿದರು. ಓದಿದರೆ ಮಗ ಮುನಿಸಿಕೊಂಡಿದ್ದಾನೆ ಎಂದು ಯಾರಿಗಾದರೂ ಅನಿಸುತ್ತಿತ್ತು. ಅವನಿಗೆ ಸಿಟ್ಟು ಬಂದಿದೆ ಎಂದು ಅವರು ಎಲ್ಲೂ ಬರೆದಿರಲಿಲ್ಲ. ಅಕ್ಷರದ ನಿಷೇಧವೇ ಆ ಹುಡುಗನಿಗೊಂದು ಸ್ವಭಾವ ಕೊಟ್ಟಿತ್ತು. ಆರು ವರ್ಷದ ಸುಖಗಳಲ್ಲಿ ಇದನ್ನು ಮೊದಲು ಎಣಿಸುತ್ತೇನೆ.

ಯಾವ ಬಳಗಕ್ಕೆ ಸೇರಬೇಕು

ಸೇರುವ ಮೊದಲು ಎರಡು ವಾರ ಸುಮ್ಮನೆ ಓದಿ. ಎಷ್ಟು ಜನರಿದ್ದಾರೆ ಎಂದು ನೋಡಬೇಡಿ. ವಾಟ್ಸ್ಆಪ್ ಗುಂಪಿಗೆ 1,024 ಜನರವರೆಗೆ ಹಿಡಿಸುತ್ತಾರೆ, ಬರೆಯುವವರು ಮೂವತ್ತು ಜನ. ಒಬ್ಬರ ಬರಹದ ಕೆಳಗೆ ಇನ್ನೊಬ್ಬರು ಏನು ಹೇಳುತ್ತಾರೆ ಎಂಬುದನ್ನು ನೋಡಿ. ಎಲ್ಲರಿಗೂ ‘ಅದ್ಭುತ’, ‘ಸೂಪರ್ ಮೇಡಂ’, ‘ಮನಮುಟ್ಟಿತು ಸರ್’ ಎಂದೇ ಇದ್ದರೆ ಅಲ್ಲಿ ಯಾರೂ ಯಾರನ್ನೂ ಓದುತ್ತಿಲ್ಲ.

ನನ್ನ ಪಕ್ಷಪಾತ ಇರುವುದು ಅಳೆಯಬಲ್ಲ ನಿಯಮವಿರುವ ಬಳಗಗಳ ಕಡೆ. ಷಟ್ಪದಿ ಬರೆಯುವವರ ಗುಂಪು ಸಿಕ್ಕರೆ ಕಣ್ಣುಮುಚ್ಚಿ ಸೇರಿ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯದಕ್ಕೆ ಇಪ್ಪತ್ಮೂರು. ಒಟ್ಟು 102. ಜೊತೆಗೆ ಆದಿಪ್ರಾಸ. ತಪ್ಪಿದರೆ ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ. ‘ಮೂರನೆಯ ಸಾಲಲ್ಲಿ ಒಂದು ಮಾತ್ರೆ ಹೆಚ್ಚಾಗಿದೆ’ ಎಂದರೆ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ, ಬೆರಳು ಮಡಚಿ ಎಣಿಸುತ್ತಾರೆ. ಅದೇ ‘ನಿಮ್ಮ ಕವನದಲ್ಲಿ ಭಾವ ಕಡಿಮೆ’ ಎಂದು ನೋಡಿ, ಮರುದಿನ ನಿಮ್ಮ ಶುಭೋದಯಕ್ಕೂ ಉತ್ತರ ಬರುವುದಿಲ್ಲ. ಗಜಲ್ ಬಳಗಗಳೂ ಹೀಗೇ. ಕವಿ ಶಾಂತರಸರಿಂದ ಹಿಡಿದು ರಾಯಚೂರು–ಕಲಬುರಗಿ ಸೀಮೆಯಲ್ಲಿ ಗಜಲಿಗೆ ಗಟ್ಟಿ ನೆಲೆ ಇದೆ. ಕೊನೆಗೆ ಮರುಕಳಿಸುವ ರದೀಫ್ ಎಲ್ಲಿ, ಅದರ ಹಿಂದಿನ ಪ್ರಾಸ ಕಾಫಿಯಾ ಕೂಡಿದೆಯೇ, ಐದು ಷೇರಾದರೂ (ದ್ವಿಪದಿ) ಇದೆಯೇ ಎಂದು ಕೇಳುವವರು ಸಿಗುತ್ತಾರೆ. ನಿಯಮದ ಬಗ್ಗೆ ಜಗಳವಾಡಿ ಆಡಿ ಕಡೆಗೆ ಕವಿತೆಯ ಬಗ್ಗೆ ಮಾತಾಡುವ ಸಲಿಗೆ ಬರುತ್ತದೆ.

ಗದ್ಯದವರಿಗೆ ಇಂಥ ಅಳತೆಗೋಲು ಪದಮಿತಿ ಒಂದೇ. ಕ್ಯಾಲಿಫೋರ್ನಿಯಾದ ‘ನ್ಯೂ ಟೈಮ್ಸ್’ ಪತ್ರಿಕೆಯಲ್ಲಿ ಸ್ಟೀವ್ ಮಾಸ್ 1987ರಲ್ಲಿ ಐವತ್ತೈದು ಪದಗಳ ಕಥಾಸ್ಪರ್ಧೆ ಶುರು ಮಾಡಿದ. ಸರಿಯಾಗಿ ನೂರು ಪದದ ಕಥೆಗೆ ಇಂಗ್ಲಿಷಿನವರು ‘ಡ್ರ್ಯಾಬಲ್’ ಎನ್ನುತ್ತಾರೆ. ನಮ್ಮಲ್ಲಿ ಅದು ‘ನ್ಯಾನೋ ಕಥೆ’ ಎಂಬ ಹೆಸರಿನಲ್ಲಿ ಓಡಾಡುತ್ತಿದೆ. ಕನ್ನಡದಲ್ಲಿ ಈ ಲೆಕ್ಕಕ್ಕೆ ಒಂದು ಕಳ್ಳಬಾಗಿಲು ಇದೆ. ಕಂಪ್ಯೂಟರ್ ಎಣಿಸುವುದು ನಡುವಿನ ಖಾಲಿ ಜಾಗವನ್ನು. ನೂರಾಹನ್ನೆರಡು ಪದವಾಗಿದ್ದರೆ ನಮ್ಮವರು ‘ಬಂದು ಬಿಟ್ಟನು ಎಂದು’ ಎಂಬ ಮೂರನ್ನು ‘ಬಂದುಬಿಟ್ಟನೆಂದು’ ಎಂದು ಒಂದಾಗಿಸುತ್ತಾರೆ. ಸಂಧಿಯಿಂದ ಪದ ಉಳಿಸುವ ಈ ಮಿತವ್ಯಯವನ್ನು ವ್ಯಾಕರಣಕಾರ ಕೇಶಿರಾಜನೂ ಊಹಿಸಿರಲಾರ. ನಾನೂ ಮಾಡಿದ್ದೇನೆ. ಮಾಡಬೇಡಿ. ಕಥೆ ಓದಲು ಮುದ್ದೆಯಾಗುತ್ತದೆ. ಹನ್ನೆರಡು ಪದ ತೆಗೆಯಬೇಕಾದಾಗ ಮೊದಲ ವಾಕ್ಯವನ್ನೇ ಕಿತ್ತುಹಾಕಿ. ಹತ್ತರಲ್ಲಿ ಎಂಟು ಸಲ ಕಥೆ ಎರಡನೆಯ ವಾಕ್ಯದಿಂದಲೇ ಶುರುವಾಗಿರುತ್ತದೆ.

ಚಿತ್ರ ಕೊಟ್ಟು ಕವನ ಕೇಳುವುದು ಎಲ್ಲಕ್ಕಿಂತ ಜನಪ್ರಿಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ನೀರಸ ಕೂಡ. ಸೂರ್ಯಾಸ್ತದ ಮುಂದೆ ಕೂತ ಒಂಟಿ ಹುಡುಗಿಯ ಚಿತ್ರ ಕೊಟ್ಟರೆ ವಿರಹ ಬಿಟ್ಟು ಬೇರೇನು ಬಂದೀತು? ತರಕಾರಿ ಚೀಟಿಯದೋ ಆಸ್ಪತ್ರೆಯ ಟೋಕನ್ ಬೋರ್ಡಿನದೋ ಫೋಟೋ ಕೊಟ್ಟರೆ ನಾನೂ ಬರೆದೇನು.

ಐದು ಬರೆದು ಮೂರು ಹೊಡೆದುಹಾಕಿ

ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆದಿರುತ್ತದೆ. ಸೇರಿನ ರಾತ್ರಿ ಕಲಿತ ಪಾಠ ಇದು. ಈಗ ಪದ ಬಂದ ಕೂಡಲೇ ಬರೆಯಲು ಕೂರುವುದಿಲ್ಲ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಐದು ಸಂಗತಿ ಗೀಚುತ್ತೇನೆ. ಸೇರಿನ ಕಥೆ ಹಾಕಿಯಾದ ಮೇಲೆ ಹೊಸ್ತಿಲಿಗೇ ಮತ್ತೆ ಗೀಚಿ ನೋಡಿದ್ದು ಹೀಗಿತ್ತು: ಸೇರು, ವೃದ್ಧಾಶ್ರಮ, ಸಂಜೆ ಹೊತ್ತಿನ ಲಕ್ಷ್ಮಿ. ಈ ಮೂರನ್ನೂ ಹೊಡೆದುಹಾಕಿದೆ. ನಾಲ್ಕನೆಯದು ಹಿರಣ್ಯಕಶಿಪು. ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ ಸತ್ತವನು. ಪರವಾಗಿಲ್ಲ, ಆದರೆ ಬಳಗದ ಹರಿಕಥೆ ಪ್ರಿಯರೊಬ್ಬರು ಇಂಥದ್ದನ್ನು ಬರೆದೇ ಬರೆಯುತ್ತಾರೆ. ಐದನೆಯದಕ್ಕೆ ಬಹಳ ಹೊತ್ತು ಏನೂ ಹೊಳೆಯಲಿಲ್ಲ. ಪಕ್ಕದ ಮನೆಯಲ್ಲಿ ಬಡಗಿ ಗರಗಸ ಎಳೆಯುವ ಸದ್ದು ಕೇಳುತ್ತಿತ್ತು. ಆ ಮನೆಯ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದರು, ಗಾಲಿಕುರ್ಚಿ ಬಂದಿತ್ತು, ಹೊಸ್ತಿಲು ಅಡ್ಡವಾಗಿತ್ತು. ಅದನ್ನು ಹಾಗೇ ಬರೆದಿಟ್ಟೆ. ಅದರ ಮಾತು ಆಮೇಲೆ.

ಬರೆಯಲು ಗಡಿಯಾರ ಇಟ್ಟುಕೊಳ್ಳಿ. ನೂರು ಪದಕ್ಕೆ ಇಪ್ಪತ್ತೈದು ನಿಮಿಷ ಸಾಕು. ಮುಗಿದ ಮೇಲೆ ಒಂದು ತಾಸು ಬಿಟ್ಟು ಗಟ್ಟಿಯಾಗಿ ಓದಿ. ಮನೆಯವರು ಹುಚ್ಚು ಎಂದುಕೊಂಡರೂ ಚಿಂತೆಯಿಲ್ಲ. ನಾಲಿಗೆ ತೊಡರಿದ ಕಡೆ ವಾಕ್ಯ ಕೆಟ್ಟಿರುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಬರೆದು ಸರಿದೂಗಿಸುವ ಹಟ ಬೇಡ. ಬಾಕಿ ಸಾಲದ ಹಾಗೆ ಬೆಳೆಯುತ್ತದೆ, ಮೂರನೆಯ ದಿನಕ್ಕೆ ಬಳಗವನ್ನು ಮ್ಯೂಟ್ ಮಾಡುತ್ತೀರಿ. ತಪ್ಪಿದ್ದು ತಪ್ಪಿತು ಎಂದು ಇವತ್ತಿನ ಪದಕ್ಕೆ ಬನ್ನಿ.

ಇನ್ನೊಂದು ಸಣ್ಣ ವಿಷಯ. ಚಾಟ್ ಪೆಟ್ಟಿಗೆಯಲ್ಲೇ ಬರೆಯುವ ಅಭ್ಯಾಸ ಬಿಡಿ. ಹೊಸ ಫೋನು ತಂದ ದಿನ ನನ್ನ ಎರಡು ವರ್ಷದ ಬರಹ ಹಾರಿಹೋಯಿತು. ಈಗ ಎಲ್ಲ ಒಂದು ಕಡತದಲ್ಲಿ ದಿನಾಂಕದ ಸಮೇತ ಇದೆ, ಬಳಗಕ್ಕೆ ಹೋಗುವುದು ಅದರ ನಕಲು. ಆ ಕಡತ ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಮೊಬೈಲಿಗೆ ಅಂಟಿಸಿದರೆ ಗ್ರೀಕೋ ಲ್ಯಾಟಿನ್ನೋ ಎಂದು ತಿಳಿಯದ ಗೀಟುಗಳು ಬರುತ್ತವೆ. ಪರಿವರ್ತಕಗಳಿವೆ. ಆದರೂ ಅರ್ಕಾವೊತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಆಷಾಢದ ಕಾದಂಬರಿ

ಸವಾಲುಗಳಲ್ಲಿ ದೊಡ್ಡದು ಒಂದೇ ತಿಂಗಳಲ್ಲಿ ಕಾದಂಬರಿ. 1999ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯ ಕ್ರಿಸ್ ಬಾಟಿ ಎಂಬವನು ಇಪ್ಪತ್ತು ಜನ ಗೆಳೆಯರನ್ನು ಕಟ್ಟಿಕೊಂಡು ಒಂದೇ ತಿಂಗಳಲ್ಲಿ ತಲಾ ಐವತ್ತು ಸಾವಿರ ಪದ ಬರೆಯುವ ಪಣ ತೊಟ್ಟ. ಮರುವರ್ಷ ಅದನ್ನು ನವೆಂಬರಿಗೆ ಸರಿಸಿದರು. ಅಲ್ಲಿ ಆಗ ಹವೆ ಕೆಟ್ಟದ್ದಿರುತ್ತದೆ, ಹೊರಗೆ ಹೋಗುವ ಮನಸ್ಸಾಗುವುದಿಲ್ಲ ಎಂಬ ಉಪಾಯ. ‘ನ್ಯಾನೊರೈಮೊ’ ಎಂದು ಮೊಟಕಾಗಿ ಕರೆಸಿಕೊಂಡ ಇದಕ್ಕೆ ಜಗತ್ತಿನ ಮೂಲೆಮೂಲೆಯಿಂದ ಲಕ್ಷಗಟ್ಟಲೆ ಜನ ಸೇರಿದರು. ಸಾರಾ ಗ್ರೂಯೆನ್‌ಳ ‘ವಾಟರ್ ಫಾರ್ ಎಲಿಫೆಂಟ್ಸ್’, ಎರಿನ್ ಮಾರ್ಗನ್‌ಸ್ಟರ್ನ್‌ಳ ‘ದ ನೈಟ್ ಸರ್ಕಸ್’ ಮೊದಲ ರೂಪ ಪಡೆದದ್ದು ಇಂಥ ನವೆಂಬರುಗಳಲ್ಲಿ. ‘ಮೊದಲ ರೂಪ’ ಎಂಬ ಮಾತನ್ನು ಗಮನಿಸಿ. ಅಚ್ಚಿಗೆ ಹೋಗುವ ಮುನ್ನ ಅವು ತಿದ್ದಿಸಿಕೊಂಡ ಬಗೆಯೇ ಬೇರೆ. ಆ ಸಂಸ್ಥೆ ಈಗಿಲ್ಲ. ಚರ್ಚಾಕಟ್ಟೆಯ ಉಸ್ತುವಾರಿ ಬಗ್ಗೆ ದೂರು ಬಂತು, ಕೃತಕ ಬುದ್ಧಿಮತ್ತೆಯನ್ನು ಪೂರ್ತಿ ಖಂಡಿಸಲಾರೆವು ಎಂದು 2024ರಲ್ಲಿ ಹೇಳಿಕೆ ಕೊಟ್ಟು ಲೇಖಕರ ಸಿಟ್ಟಿಗೆ ಗುರಿಯಾಯಿತು, ಹಣವೂ ಸಾಲದಾಯಿತು. 2025ರಲ್ಲಿ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದರೂ ಆಟವನ್ನು ಯಾರು ಬೇಕಾದರೂ ಆಡಬಹುದು. ಅದಕ್ಕೆ ಬೇಕಾದದ್ದು ಕ್ಯಾಲೆಂಡರ್ ಒಂದೇ.

ಕನ್ನಡದಲ್ಲಿ ಆಡುವವರು ಎರಡು ಲೆಕ್ಕ ಬದಲಿಸಿಕೊಳ್ಳಬೇಕು. ಮೊದಲನೆಯದು ಪದಗಳದ್ದು. ಐವತ್ತು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 1,667 ಬರುತ್ತದೆ. ಅದು ಇಂಗ್ಲಿಷಿನ ಲೆಕ್ಕ. ‘ಹಿ ಮೈಟ್ ಹ್ಯಾವ್ ಹ್ಯಾಡ್ ಟು ಗೋ’ ಎಂದು ಅವರು ಆರು ಪದ ಖರ್ಚು ಮಾಡುವಲ್ಲಿ ನಾವು ‘ಹೋಗಬೇಕಾಗಿತ್ತೇನೋ’ ಎಂದು ಒಂದರಲ್ಲಿ ಮುಗಿಸುತ್ತೇವೆ. ವಿಭಕ್ತಿ, ಕಾಲ, ಅನುಮಾನ ಎಲ್ಲ ಬಾಲಕ್ಕೆ ಅಂಟಿಕೊಳ್ಳುವ ನುಡಿ ನಮ್ಮದು. ಇದು ತಿಳಿಯದೆ ನಾನು ಮೊದಲ ಸಲ ಐವತ್ತು ಸಾವಿರಕ್ಕೇ ಕೈಹಾಕಿ ಒಂಬತ್ತನೆಯ ದಿನ ಕುಸಿದೆ. ನನ್ನನ್ನು ಕೇಳಿದರೆ ದಿನಕ್ಕೆ ಒಂದು ಸಾವಿರ, ತಿಂಗಳಿಗೆ ಮೂವತ್ತು ಸಾವಿರ ಇಟ್ಟುಕೊಳ್ಳಿ. ಕಿರುಕಾದಂಬರಿಗೆ ಧಾರಾಳ ಸಾಕು.

ಎರಡನೆಯದು ತಿಂಗಳಿನದು. ನಮಗೆ ನವೆಂಬರ್ ಎಂದರೆ ರಾಜ್ಯೋತ್ಸವ. ಕನ್ನಡದಲ್ಲಿ ಬರೆಯುವವರನ್ನು ಬರೆಯಲು ಬಿಡದೆ ವೇದಿಕೆ ಹತ್ತಿಸಿ ಶಾಲು ಹೊದಿಸುವ ತಿಂಗಳು ಅದೊಂದೇ. ದೀಪಾವಳಿ, ಕಾರ್ತಿಕ, ಮದುವೆ ಸೀಸನ್ ಬೇರೆ. ಅವರು ಕೆಟ್ಟ ಹವೆ ನೋಡಿ ತಿಂಗಳು ಆರಿಸಿದರಲ್ಲ, ನಾವು ಆಷಾಢವನ್ನು ಆರಿಸಬೇಕು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ನೆಂಟರಿಲ್ಲ. ಮಲೆನಾಡು, ಕರಾವಳಿಯಾದರೆ ಕರೆಂಟೂ ಇಲ್ಲ. ಹೊರಗೆ ಮಳೆ ಹುಯ್ಯುತ್ತಿರುತ್ತದೆ. ಆಷಾಢ ಸಾಮಾನ್ಯವಾಗಿ ಬೀಳುವುದು ಜೂನ್ ಕೊನೆ, ಜುಲೈ ಹೊತ್ತಿಗೆ, ಬಾಟಿ ಮೊದಲು ಆರಿಸಿದ ತಿಂಗಳೂ ಜುಲೈ. ಒಬ್ಬರೇ ಬೇಡ, ನಾಲ್ಕು ಜನ ಸೇರಿ. ದಿನಾ ರಾತ್ರಿ ಬರೆದದ್ದನ್ನು ತೋರಿಸಬೇಡಿ, ಎಷ್ಟು ಪದ ಆಯಿತೆಂದು ಅಂಕಿ ಮಾತ್ರ ಹಾಕಿ. ಕರಡಿನಲ್ಲಿರುವ ಕಾದಂಬರಿಯನ್ನು ತೋರಿಸಿ ಹೊಗಳಿಸಿಕೊಂಡರೆ ಅರ್ಧಕ್ಕೇ ಹೊಟ್ಟೆ ತುಂಬಿಬಿಡುತ್ತದೆ.

ಮುಯ್ಯಿ ಎಂಬ ಕಾಯಿಲೆ

ಕಿರಿಕಿರಿಗಳ ಕಡೆಗೆ ಬರೋಣ. ಬಳಗದ ಮೆಚ್ಚುಗೆ ನಡೆಯುವುದು ಮದುವೆ ಮನೆಯ ಮುಯ್ಯಿಯ ಹಾಗೆ. ನೀವು ನನಗೆ ಹೃದಯ ಕೊಟ್ಟರೆ ನಾನು ನಿಮಗೆ ಚಪ್ಪಾಳೆ ಕೊಡಬೇಕು. ಕೊಡದಿದ್ದರೆ ಮುಂದಿನ ಸಲ ಲೆಕ್ಕದ ಪುಸ್ತಕ ತೆರೆಯುತ್ತದೆ. ನಾನು ಮೂರು ದಿನ ಊರಲ್ಲಿ ನೆಟ್‌ವರ್ಕ್ ಇಲ್ಲದೆ ಯಾರಿಗೂ ಪ್ರತಿಕ್ರಿಯಿಸಿರಲಿಲ್ಲ. ನಾಲ್ಕನೆಯ ದಿನ ಹಾಕಿದ ಕಥೆಗೆ ಬಂದದ್ದು ಎರಡು ಹೆಬ್ಬೆಟ್ಟು, ಅದರಲ್ಲಿ ಒಂದು ನನ್ನ ತಂಗಿಯದು. ಅದು ನಾನು ಬರೆದವುಗಳಲ್ಲಿ ಒಳ್ಳೆಯದೇ ಇತ್ತು. ಎರಡು ದಿನ ಹೊಟ್ಟೆ ಉರಿಯಿತು, ಮೂರನೆಯ ದಿನ ತಿಳಿಯಿತು: ಹೆಬ್ಬೆಟ್ಟುಗಳಿಂದ ಕಥೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ, ಹೆಚ್ಚು ಬಂದಾಗಲೂ.

ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ. ದಿನಕ್ಕೆ ಮೂರೇ ಬರಹ ಪೂರ್ತಿ ಓದಿ, ಒಂದೊಂದಕ್ಕೂ ಒಂದು ನಿರ್ದಿಷ್ಟ ಮಾತು ಬರೆಯಿರಿ. ‘ಅಡುಗೆಮನೆಯ ಕಿಟಕಿಯಿಂದ ಗಂಡನ ಚಪ್ಪಲಿ ಮಾತ್ರ ಕಾಣುವ ಕಡೆ ನಿಂತುಬಿಟ್ಟೆ’ ಎಂದರೆ ಬರೆದವರಿಗೆ ಅದು ಹತ್ತು ‘ಸೂಪರ್’ಗಿಂತ ಹೆಚ್ಚು. ಕ್ರಮೇಣ ಅವರೂ ಹಾಗೇ ಬರೆಯಲು ಕಲಿಯುತ್ತಾರೆ. ನಿಮ್ಮ ಬರಹದ ಕೆಳಗೆ ‘ಅಭಿಪ್ರಾಯ ತಿಳಿಸಿ’ ಎನ್ನಬೇಡಿ. ‘ಕೊನೆಯ ಎರಡು ಸಾಲು ಇಲ್ಲದಿದ್ದರೂ ಅರ್ಥವಾಗುತ್ತದೆಯೇ?’ ಎಂದು ಕೇಳಿ. ಹೌದು–ಇಲ್ಲ ಎನ್ನಬಹುದಾದ ಪ್ರಶ್ನೆಗೆ ಸಂಕೋಚದವರೂ ಉತ್ತರ ಕೊಡುತ್ತಾರೆ.

ಬಹುಮಾನದ ವಿಷಯದಲ್ಲಿ ನಾನು ಕಟುವಾಗಿದ್ದೇನೆ. ಹಿಂದೆ ಇದ್ದ ಒಂದು ಗುಂಪಿನಲ್ಲಿ ವಾರಕ್ಕೊಮ್ಮೆ ಉತ್ತಮ, ಅತ್ಯುತ್ತಮ, ಸರ್ವೋತ್ತಮ, ಮೆಚ್ಚುಗೆ, ವಿಶೇಷ ಮೆಚ್ಚುಗೆ ಎಂದು ಬರೆದವರಿಗೆಲ್ಲ ಬಣ್ಣಬಣ್ಣದ ಪ್ರಮಾಣಪತ್ರ ಬರುತ್ತಿತ್ತು. ನನ್ನ ಹೆಸರನ್ನು ಮೂರು ಸಲ ಮೂರು ಥರ ತಪ್ಪಾಗಿ ಬರೆದರು. ಲೈಕುಗಳ ಎಣಿಕೆಯಿಂದ ವಿಜೇತರನ್ನು ಆರಿಸಿದ ವಾರ, ಗೆದ್ದವರು ತಮ್ಮ ಅಪಾರ್ಟ್‌ಮೆಂಟಿನ ಎರಡು ಬ್ಲಾಕಿನವರನ್ನು ಬಳಗಕ್ಕೆ ಸೇರಿಸಿದ್ದರು. ಕಡೆಗೆ ‘ಆಯ್ದ ಕಥೆಗಳ ಸಂಕಲನ ತರುತ್ತೇವೆ, ತಲಾ ಇಷ್ಟು ಸಾವಿರ ಕೊಟ್ಟರೆ ನಿಮ್ಮದೂ ಇರುತ್ತದೆ’ ಎಂಬ ಸಂದೇಶ ಬಂತು. ಆಯ್ಕೆ ಆಗಿರುವುದು ಕಥೆಯೋ ಜೇಬೋ ಎಂದು ಕೇಳಿದೆ. ಹತ್ತು ನಿಮಿಷದಲ್ಲಿ ನನ್ನನ್ನು ತೆಗೆದುಹಾಕಿದರು. ಒಂದು ಬಳಗದಿಂದ ಹೊರಗೆ ಹಾಕಿದ್ದಾರೆ ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ಗೆಳೆಯರೆಲ್ಲ ಸೇರಿ ಖರ್ಚು ಹಂಚಿಕೊಂಡು ಪುಸ್ತಕ ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ದುಡ್ಡು ಕೇಳುವ ಮೊದಲು ಎಷ್ಟು ಪ್ರತಿ, ಯಾರು ಸಂಪಾದಕರು, ನಿಮಗೆ ಎಷ್ಟು ಪ್ರತಿ, ಹಕ್ಕು ಯಾರದು ಎಂಬ ನಾಲ್ಕಕ್ಕೆ ಬರಹದಲ್ಲಿ ಉತ್ತರ ಕೊಡದವರಿಂದ ದೂರ ಇರಿ.

ಯಂತ್ರ ಬರೆದ ಕಥೆಗಳ ಕಾಟ ಈಚಿನದು. ಪದ ಬಂದು ಮೂರೇ ನಿಮಿಷಕ್ಕೆ ವ್ಯಾಕರಣದ ಒಂದು ತಪ್ಪೂ ಇಲ್ಲದ, ಊರಿನ ವಾಸನೆಯೂ ಇಲ್ಲದ, ಕೊನೆಗೆ ‘ಬದುಕೆಂದರೆ ಇದೇ ಅಲ್ಲವೇ’ ಎನ್ನುವ ಕಥೆ ಬಿದ್ದರೆ ಅನುಮಾನಿಸಬಹುದು, ಸಾಬೀತು ಮಾಡಲಾಗದು. ನಾನು ಆ ಗೋಜಿಗೆ ಹೋಗುವುದಿಲ್ಲ. ಗರಡಿಯಲ್ಲಿ ಬೇರೆಯವರಿಂದ ಸಾಮು ತೆಗೆಸಿದರೆ ಯಾರ ತೋಳು ದಪ್ಪವಾಗುತ್ತದೆ?

ಹಾಕಿದರೆ ಅದು ಪ್ರಕಟಣೆ

ಹೊಸಬರಿಗೆ ಯಾರೂ ಹೇಳದ, ಆಮೇಲೆ ಎಲ್ಲರೂ ಪರಿತಪಿಸುವ ಸಂಗತಿ ಒಂದಿದೆ. ಪತ್ರಿಕೆಗಳ ಕಥಾಸ್ಪರ್ಧೆ, ವಿಶೇಷಾಂಕಗಳ ನಿಯಮ ಓದಿ ನೋಡಿ. ಸಾಮಾನ್ಯವಾಗಿ ‘ಎಲ್ಲಿಯೂ ಪ್ರಕಟವಾಗಿರಬಾರದು’ ಎಂದಿರುತ್ತದೆ, ಅದರ ಪಕ್ಕದಲ್ಲಿ ಬ್ಲಾಗ್, ಜಾಲತಾಣ, ಸಾಮಾಜಿಕ ಮಾಧ್ಯಮ ಎಂದೂ ಸೇರಿಸಿರುತ್ತಾರೆ. ಬಳಗದಲ್ಲಿ ಹಾಕಿ ಐವತ್ತು ಹೃದಯ ಪಡೆದ ಕಥೆ ಅಲ್ಲಿ ಅನರ್ಹ. ಆದ್ದರಿಂದ ಬರೆದ ತಕ್ಷಣ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಬೆಳೆಯುವ ಬೀಜವೇ, ಇವತ್ತಿನ ಮಟ್ಟಿಗಿನ ಹೂವೇ? ಬೀಜ ಅನ್ನಿಸಿದರೆ ಕಡತದಲ್ಲಿ ಉಳಿಸಿ, ಬಳಗಕ್ಕೆ ಇನ್ನೊಂದು ಬರೆದು ಹಾಕಿ. ಒಂದು ದಿನ ಸುಮ್ಮನಿದ್ದರೂ ಯಾರೂ ಹುಡುಕಿಕೊಂಡು ಬರುವುದಿಲ್ಲ.

ಹಕ್ಕಿನ ವಿಷಯವೂ ಇಲ್ಲೇ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದದ್ದರ ಹಕ್ಕು ಬರೆದ ಕ್ಷಣದಿಂದ ನಿಮ್ಮದೇ. ನೋಂದಣಿ ಕಡ್ಡಾಯವಲ್ಲ. ಬರೆದವರ ಕಾಲಾನಂತರವೂ 60 ವರ್ಷ ಅದು ವಾರಸುದಾರರಿಗೆ ಉಳಿಯುತ್ತದೆ. ಕಾಯ್ದೆ ಹೀಗಿದ್ದರೂ ಕವನ ಮಾತ್ರ ‘ಸಂಗ್ರಹ’, ‘ಕೃಪೆ: ವಾಟ್ಸ್ಆಪ್’ ಎಂಬ ಹೆಸರಲ್ಲಿ ಊರೂರು ಸುತ್ತುತ್ತದೆ. ನನ್ನದೊಂದು ಹನಿಗವನ ಯಾರದೋ ಮದುವೆ ಕರೆಯೋಲೆಯಲ್ಲಿ ಸಿಕ್ಕಿತು. ಕವನದ ಕೆಳಗೆ ಹೆಸರು ಹಾಕಿದರೆ ಅಳಿಸುವುದು ಸುಲಭ. ಕಡತದಲ್ಲಿ ದಿನಾಂಕದ ಸಮೇತ ಇಟ್ಟುಕೊಂಡರೆ ಕನಿಷ್ಠ ಜಗಳವಾಡಲು ಆಧಾರ ಇರುತ್ತದೆ. ನಾನು ಜಗಳವಾಡಲಿಲ್ಲ. ಅವರು ಊಟಕ್ಕೆ ಕರೆದರು.

ಬಳಗ ನಡೆಸುವವರಿಗೆ ಒಂದು ಕೋರಿಕೆ

ತಿಂಗಳಿಗೊಂದು ವಾರ ಹೆಸರಿಲ್ಲದೆ ಆಡಿಸಿ. ಬರಹಗಳು ನಿಮ್ಮೊಬ್ಬರಿಗೇ ಬರಲಿ, ಎಲ್ಲವನ್ನೂ ಅಂಕಿ ಕೊಟ್ಟು ಒಟ್ಟಿಗೆ ಹಾಕಿ, ಯಾರದೆಂದು ವಾರದ ಕೊನೆಗೆ ಹೇಳಿ. ನಮ್ಮಲ್ಲಿ ಇದನ್ನು ಮಾಡಿದಾಗ ಮುಯ್ಯಿಯ ಲೆಕ್ಕವೆಲ್ಲ ತಲೆಕೆಳಗಾಯಿತು. ಸದಾ ‘ಅದ್ಭುತ’ ಪಡೆಯುತ್ತಿದ್ದ ಹಿರಿಯರೊಬ್ಬರ ಕವನಕ್ಕೆ ‘ಶಾಲಾ ಮಕ್ಕಳದ್ದೇ?’ ಎಂದು ಒಬ್ಬರು ಬರೆದರು. ಎರಡು ವರ್ಷದಿಂದ ಯಾರೂ ಗಮನಿಸದ ಔಷಧದಂಗಡಿಯ ಹುಡುಗನ ಕಥೆಯ ಬಗ್ಗೆ ಇಡೀ ಬಳಗ ಮೂರು ದಿನ ಮಾತಾಡಿತು. ಹಿರಿಯರು ಒಂದು ತಿಂಗಳು ಮಾತು ಬಿಟ್ಟರು ಎಂಬುದನ್ನೂ ಹೇಳಬೇಕು. ಆಮೇಲೆ ಬಂದು ಮೊದಲಿಗಿಂತ ಚೆನ್ನಾಗಿ ಬರೆದರು ಎಂಬುದನ್ನೂ.

ಹೊಸ್ತಿಲಿನ ಐದನೆಯ ಸಂಗತಿ ಹಾಲಿನ ಪುಸ್ತಕದ ಹಿಂದೆಯೇ ಉಳಿದಿತ್ತು. ಗಾಲಿಕುರ್ಚಿಗಾಗಿ ಹೊಸ್ತಿಲು ಕೊಯ್ಯಲು ಬಂದ ಬಡಗಿ, ಗರಗಸ ಇಡುವ ಮೊದಲು ಒಮ್ಮೆ ಅರಿಶಿನ–ಕುಂಕುಮ ಹಚ್ಚಿಬಿಡುತ್ತೇನೆ ತಾಳಪ್ಪ ಎನ್ನುವ ಅಜ್ಜಿ. ನೂರು ಪದಕ್ಕೆ ಹಿಡಿಯಲಿಲ್ಲ. ಆಷಾಢದಲ್ಲಿ ಕೂತು ಬರೆದೆ, ಈಗ 2,400 ಪದವಾಗಿದೆ. ಬಳಗದಲ್ಲಿ ಹಾಕಿಲ್ಲ. ಹೋದ ವಾರ ಒಂದು ಕಥಾಸ್ಪರ್ಧೆಗೆ ಕಳಿಸಿದ್ದೇನೆ, ಫಲಿತಾಂಶ ಇನ್ನೂ ಬಂದಿಲ್ಲ.